ರೋಮ್‌ಗೆ ಮೂರು ದಿನ ಸಾಕು, ಪ್ಯಾಕೇಜ್ ಬೇಡ: ವಯಸ್ಸಾದವರು, ಮಕ್ಕಳ ಜೊತೆ ಹೋಗಿ ಬಂದ ಅನುಭವ

ತುಮಕೂರ್ ಅಮ್ಮ:
2024ರ ಮೇ ರಜೆಯಲ್ಲಿ ನಾವು ಆರು ಜನ ರೋಮ್ ನೋಡಿ ಬಂದೆವು. ಅಪ್ಪ (72 ವರ್ಷ, ಮಂಡಿ ನೋವು), ಅಮ್ಮ, ನಾವಿಬ್ಬರು, 11 ಮತ್ತು 6 ವರ್ಷದ ಮಕ್ಕಳು. ಎಲ್ಲವನ್ನೂ ನಾವೇ ಬುಕ್ ಮಾಡಿಕೊಂಡೆವು. ಪ್ಯಾಕೇಜ್‌ನಲ್ಲಿ ಹೋದರೆ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಓಡಿಸುತ್ತಾರೆ, ವಯಸ್ಸಾದವರಿಗೆ ಅದು ಹಿಂಸೆ. ಮೂರು ದಿನ ಧಾರಾಳವಾಗಿ ಸಾಕಾಯಿತು. ಕಲೋಸಿಯಂ (ಹಳೇ ರೋಮನ್ನರ ದೊಡ್ಡ ಕ್ರೀಡಾಂಗಣ) ಹೊರಗಿನಿಂದ ನೋಡಿದೆವು, ಒಳಗೆ ಹೋಗುವ ಅಗತ್ಯವೇ ಇಲ್ಲ.

ಪ್ಯಾಂಥಿಯನ್ (ಈಗ ಚರ್ಚ್ ಆಗಿರುವ ಹಳೇ ರೋಮನ್ ದೇವಾಲಯ) ಮಾತ್ರ ಬಿಡಬೇಡಿ. ನಾವು ಹೋದಾಗ ಟಿಕೆಟ್ 5 ಯೂರೋ, ಮಕ್ಕಳಿಗೆ ಇಲ್ಲ. ಗುಮ್ಮಟದ ನೆತ್ತಿಯಲ್ಲಿ ದೊಡ್ಡ ತೂತು, ಅದರಿಂದ ಒಳಗೆ ಬಿಸಿಲು ಬೀಳುತ್ತದೆ. ಅಪ್ಪ ಅಲ್ಲಿದ್ದ ಬೆಂಚಿನ ಮೇಲೆ ಕೂತರು. ಹನ್ನೊಂದು ಗಂಟೆಗೆ ಆ ಬಿಸಿಲಿನ ಬಿಲ್ಲೆ ಗೋಡೆಯ ಮೇಲಿತ್ತು. ನಾವು ಹೊರಡುವ ಹೊತ್ತಿಗೆ ಇಳಿದು ಇಳಿದು ನೆಲದ ಅಂಚಿಗೆ ಬಂದಿತ್ತು. ಚಿಕ್ಕವಳು ತಾತನ ತೊಡೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಅಷ್ಟು ದೊಡ್ಡ ಹಳೇ ಗುಮ್ಮಟ ನಮ್ಮ ದೇಶದಲ್ಲಿ ಎಲ್ಲೂ ಇಲ್ಲ.

ಪುತ್ತೂರಿನವ, ಈಗ ಜರ್ಮನಿ:
"ಒಳಗೆ ಹೋಗುವ ಅಗತ್ಯವೇ ಇಲ್ಲ" ಅಂತ ಒಳಗೆ ಹೋಗದವರು ಹೇಗೆ ಹೇಳುತ್ತೀರಿ? ಕಲೋಸಿಯಂನಲ್ಲಿ ಲಿಫ್ಟ್ ಇದೆ. ನನ್ನ ಅಮ್ಮನೂ ಮಂಡಿ ನೋವಿನವರೇ, ಆರಾಮಾಗಿ ಮೇಲೆ ಹೋಗಿ ಬಂದರು. 18 ವರ್ಷದೊಳಗಿನವರಿಗೆ ದುಡ್ಡಿಲ್ಲ. ಹೊರಗಿನಿಂದ ಕಾಣುವುದು ಗೋಡೆ ಮಾತ್ರ. ಪ್ರಾಣಿಗಳನ್ನು ಇಡುತ್ತಿದ್ದ ನೆಲದಡಿಯ ಓಣಿಗಳು ಒಳಗೆ ಹೋದರೇನೇ ಕಾಣುವುದು. ಕ್ರಿ.ಶ. 80ರಲ್ಲಿ ಶುರುವಾದ ಜಾಗ. ಅಲ್ಲಿಯವರೆಗೆ ಹೋಗಿ ಬಾಗಿಲಿನಿಂದ ವಾಪಸ್ ಬರುವುದೇ?

ಗುಮ್ಮಟನಗರಿ:
ಮೇಡಂ, "ಅಷ್ಟು ದೊಡ್ಡ ಹಳೇ ಗುಮ್ಮಟ ನಮ್ಮ ದೇಶದಲ್ಲಿ ಎಲ್ಲೂ ಇಲ್ಲ" ಅಂದಿರಲ್ಲ, ವಿಜಯಪುರ ಯಾವ ದೇಶದಲ್ಲಿದೆ? ಗೋಳಗುಮ್ಮಟ ಪ್ರಪಂಚದ ಎರಡನೇ ದೊಡ್ಡ ಗುಮ್ಮಟ ಅಂತ ಶಾಲೆಯಲ್ಲೇ ಓದಿದ್ದೇವೆ. ಹೊರಗಿನ ಅಡ್ಡಳತೆ 44 ಮೀಟರ್. ನಿಮ್ಮ ಪ್ಯಾಂಥಿಯನ್ 43 ಚಿಲ್ಲರೆ. ಕನ್ನಡದವರೇ ಹೀಗೆ ಬರೆದರೆ ಹೊರಗಿನವರಿಗೆ ಯಾರು ಹೇಳಬೇಕು?

ಅಳತೆಪಟ್ಟಿ:
ನಾನು ಸಿವಿಲ್ ಇಂಜಿನಿಯರ್. ನೀವು ಒಂದನ್ನು ಹೊರಗಿನಿಂದ ಅಳೆದು ಇನ್ನೊಂದನ್ನು ಒಳಗಿನಿಂದ ಅಳೆದಿದ್ದೀರಿ. ಗೋಳಗುಮ್ಮಟದ ಗೋಡೆಯೇ ಬುಡದಲ್ಲಿ ಸುಮಾರು 3 ಮೀಟರ್ ದಪ್ಪ. ಎರಡೂ ಕಡೆ ಕಳೆಯಿರಿ, ಒಳಗೆ ಉಳಿಯುವುದು ಸುಮಾರು 38. ಪ್ಯಾಂಥಿಯನ್‌ನ 43.3 ಪೂರ್ತಿ ಒಳಗಿನ ಅಳತೆ. ಗುಮ್ಮಟ ಅಂದರೆ ಕಂಬವಿಲ್ಲದೆ ಎಷ್ಟು ದೂರ ದಾಟಿದೆ ಅನ್ನುವುದೇ ಲೆಕ್ಕ.

ಗುಮ್ಮಟನಗರಿ:
"ಕಂಬವಿಲ್ಲದೆ ಎಷ್ಟು ದೂರ" ಅನ್ನುವುದೇ ಲೆಕ್ಕ ಆದರೆ ನೆಲ ಅಳೆಯಿರಿ. ಗೋಳಗುಮ್ಮಟದ ಹಜಾರ 135 ಅಡಿ ಚೌಕ. 18,225 ಚದರ ಅಡಿ, ನಡುವೆ ಒಂದೇ ಒಂದು ಕಂಬ ಇಲ್ಲ. ಪ್ಯಾಂಥಿಯನ್ 16 ಸಾವಿರವನ್ನೂ ಮುಟ್ಟುವುದಿಲ್ಲ. ಇದಕ್ಕೇನು ಹೇಳುತ್ತೀರಿ?

ಅಳತೆಪಟ್ಟಿ:
ಚೌಕದ ನೆಲ ಬೇರೆ, ಮೇಲಿನ ಗುಮ್ಮಟ ಬೇರೆ. ಎಂಟು ಕಮಾನುಗಳು ಒಂದನ್ನೊಂದು ಹಾದು, ಆ ಚೌಕವನ್ನು ಮೇಲಕ್ಕೆ ಹೋಗುತ್ತಾ ಕಿರಿದು ಮಾಡಿ ಗುಮ್ಮಟವನ್ನು ಹೊರುತ್ತವೆ. ಅದು ಅದ್ಭುತ ಕೆಲಸ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಗುಮ್ಮಟ 38 ಮೀಟರೇ. ಇನ್ನೊಂದು ವಿಷಯ. ನಮ್ಮ ಪಾಠಪುಸ್ತಕಗಳು ಸೇಂಟ್ ಪೀಟರ್ (ವ್ಯಾಟಿಕನ್‌ನ ದೊಡ್ಡ ಚರ್ಚು) ಮೊದಲನೆಯದು, ಗೋಳಗುಮ್ಮಟ ಎರಡನೆಯದು ಅಂತ ಕಲಿಸಿದವು. ಸೇಂಟ್ ಪೀಟರ್ ಒಳಗಿನಿಂದ ಸುಮಾರು 41.5 ಮೀಟರ್. ಪ್ಯಾಂಥಿಯನ್ ಅದಕ್ಕಿಂತಲೂ ಅಗಲ. ವ್ಯಾಟಿಕನ್ ಇರುವುದೂ ರೋಮ್ ಊರಿನ ಒಳಗೇ, ಎರಡನ್ನೂ ನಡೆದುಕೊಂಡೇ ಹೋಗಿ ನೋಡಬಹುದು.

ಮೈಸೂರ್ ಸೊಸೆ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಸೆಪ್ಟೆಂಬರ್‌ನಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟಕ್ಕೆ ಏನು ಮಾಡಿದಿರಿ?

ಗುಮ್ಮಟನಗರಿ:
"ಪಾಠಪುಸ್ತಕಗಳು ಕಲಿಸಿದವು" ಅಂತ ತಳ್ಳಿಹಾಕಬೇಡಿ. ನಾನು ಆ ಕಟ್ಟಡದ ನೆರಳಲ್ಲಿ ಬೆಳೆದವನು. ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋಗಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ತುದಿಯಲ್ಲಿರುವ ತಂಗಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಚಪ್ಪಾಳೆ ತಟ್ಟಿ ಅದರ ಪ್ರತಿಧ್ವನಿ ಏಳು ಸಲ ಎಣಿಸಿದ್ದೇನೆ. ಪ್ಯಾಂಥಿಯನ್‌ನಲ್ಲಿ ಇದು ಆಗುತ್ತದಾ? ನೆತ್ತಿಯಲ್ಲಿ ತೂತು ಬಿಟ್ಟರೆ ಅದು ಪೂರ್ತಿ ಗುಮ್ಮಟ ಹೇಗಾಗುತ್ತದೆ?

ಪುತ್ತೂರಿನವ, ಈಗ ಜರ್ಮನಿ:
"ತೂತು ಬಿಟ್ಟರೆ" ಅಂದರೆ ಏನರ್ಥ? ಅಲ್ಲಿ ಬೆಳಕು ಬರುವುದೇ ಅದರಿಂದ, ಗೋಡೆಗೆ ಒಂದು ಕಿಟಕಿಯೂ ಇಲ್ಲ. ನೆತ್ತಿಯ ಭಾರವೂ ಅಷ್ಟು ಕಡಿಮೆಯಾಯಿತು. ಮಳೆ ಬಂದರೆ ನೀರು ಹೋಗಲು ನೆಲದಲ್ಲೇ ಸಣ್ಣ ಕಿಂಡಿಗಳಿವೆ. ಕಬ್ಬಿಣ ಇಲ್ಲದ ಬರೀ ಕಾಂಕ್ರೀಟ್, ಮೇಲೆ ಹೋದಂತೆ ಹಗುರವಾದ ಕಲ್ಲು ಬೆರೆಸಿದ್ದಾರೆ. ರೋಮನ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಹೊತ್ತಿಗೆ ಮುಗಿಸಿದ್ದು. ಇವತ್ತಿಗೂ ನಿಂತಿದೆ. ಗೋಳಗುಮ್ಮಟ 17ನೇ ಶತಮಾನದ್ದು. ಒಂದೂವರೆ ಸಾವಿರ ವರ್ಷದ ಅಂತರ ಇದೆ ರೀ.

ಗುಮ್ಮಟನಗರಿ:
ಹಳೆಯದು ಅನ್ನುವುದು ದೊಡ್ಡದು ಅನ್ನುವುದಕ್ಕೆ ಉತ್ತರ ಅಲ್ಲ. ಜರ್ಮನಿಯಲ್ಲಿ ಕೂತು ನಮ್ಮ ಊರನ್ನು ಸಣ್ಣದು ಮಾಡುವುದು ಸುಲಭ. ಆದಿಲ್‌ಶಾಹಿಗಳ ಕೆಲಸಗಾರರು ಇಟ್ಟಿಗೆ, ಗಾರೆಯಲ್ಲಿ ಇಷ್ಟು ಮಾಡಿದರು. ನಿಮಗೆ ಅದರ ಬೆಲೆ ಗೊತ್ತಿಲ್ಲ.

ಪುತ್ತೂರಿನವ, ಈಗ ಜರ್ಮನಿ:
ನಾನು ಎಲ್ಲಿ ಕೂತಿದ್ದೇನೆ ಅನ್ನುವುದನ್ನು ಮಧ್ಯೆ ತರಬೇಡಿ. ಹೈಸ್ಕೂಲ್ ಪ್ರವಾಸದಲ್ಲಿ ನಾನೂ ಆ ಮೆಟ್ಟಿಲು ಹತ್ತಿದವನೇ. ಊರಿನ ಮೇಲೆ ಪ್ರೀತಿ ಇದೆ ಅಂತ ಅಳತೆ ಬದಲಾಗುವುದಿಲ್ಲ.

ತುಮಕೂರ್ ಅಮ್ಮ:
ನಾನು ಗೋಳಗುಮ್ಮಟವನ್ನು ಎಲ್ಲೂ ಬೈದಿಲ್ಲ. ನನ್ನ ಅಪ್ಪ ಅದನ್ನು ಶಾಲೆಯಲ್ಲಿದ್ದಾಗಲೇ ನೋಡಿದ್ದಾರೆ. ಪ್ಯಾಂಥಿಯನ್‌ನಲ್ಲಿ ಕೂತು ಅವರೇ ಅದನ್ನು ನೆನಪಿಸಿಕೊಂಡರು. "ಅಲ್ಲಿ ಎಲ್ಲರೂ ಕೂಗುತ್ತಿದ್ದೆವು, ಇಲ್ಲಿ ಸುಮ್ನೆ ಇರಿ ಅಂತ ಮೈಕಿನಲ್ಲಿ ಹೇಳುತ್ತಾರೆ" ಅಂದರು. ಒಳಗೆ ನಿಂತಾಗ ನನಗೆ ಅನಿಸಿದ್ದನ್ನು ಬರೆದೆ. ಅಳತೆಪಟ್ಟಿಯವರ ಲೆಕ್ಕದಲ್ಲೂ ನಾನು ಹೇಳಿದ್ದೇ ಸರಿ ಇದೆ.

ಕಲೋಸಿಯಂ ಬಗ್ಗೆ: ಲಿಫ್ಟ್ ಇರಬಹುದು. ಲಿಫ್ಟ್‌ವರೆಗೆ ತಲುಪುವ ಮೊದಲಿನ ಕ್ಯೂ, ಬಿಸಿಲು ಯಾರ ಲೆಕ್ಕಕ್ಕೆ? ಅಪ್ಪನಿಗೆ ರೋಮ್‌ನ ಕಲ್ಲುಹಾಸಿನ ರಸ್ತೆಗಳೇ ಸಾಕಾಗಿತ್ತು. ಆ ಸಣ್ಣ ಸಣ್ಣ ಚೌಕದ ಕಪ್ಪು ಕಲ್ಲಿನ ಮೇಲೆ ವಾಕಿಂಗ್ ಸ್ಟಿಕ್ ಜಾರುತ್ತದೆ. ತಳ್ಳುಗಾಡಿಯಲ್ಲಿ ಮಗು ಕರೆದೊಯ್ಯುವವರೂ ಯೋಚಿಸಿ.

ಪುತ್ತೂರಿನವ, ಈಗ ಜರ್ಮನಿ:
"ಕ್ಯೂ" ಅನ್ನುವುದು ಸಮಯ ನಿಗದಿ ಮಾಡಿ ಟಿಕೆಟ್ ತೆಗೆಯದವರ ಕಷ್ಟ. ಅದಕ್ಕೇ ಮೂರು ದಿನ ಸಾಕು ಅನ್ನುವುದು ತಪ್ಪು. ನಡುವೆ ಭಾನುವಾರ ಬಂದರೆ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಆ ಕೊನೆಯ ಭಾನುವಾರ ಟಿಕೆಟ್ ಇಲ್ಲ, ಜನ ಹಿಡಿಸಲಾರದಷ್ಟು. ಸೇಂಟ್ ಪೀಟರ್ ಗುಮ್ಮಟಕ್ಕೆ 551 ಮೆಟ್ಟಿಲು. ಲಿಫ್ಟ್ ತೆಗೆದುಕೊಂಡರೂ 320 ಉಳಿಯುತ್ತವೆ.

ಅಳತೆಪಟ್ಟಿ:
320 ಮೆಟ್ಟಿಲಿಗೆ 72 ವರ್ಷದವರನ್ನು ಹತ್ತಿಸಿ ಅಂತ ಯಾರು ಹೇಳಿದರು? ಅವರು ಬರೆದದ್ದು ಪ್ಯಾಂಥಿಯನ್ ಬಗ್ಗೆ.

ಗುಮ್ಮಟನಗರಿ:
"ಅಳತೆಪಟ್ಟಿಯವರ ಲೆಕ್ಕದಲ್ಲೂ ನಾನು ಹೇಳಿದ್ದೇ ಸರಿ" ಅಂದಿರಿ. ಅವರು ಬುಡದ ಅಡ್ಡಳತೆ ಹೇಳಿದರು, ನೆಲದ ಲೆಕ್ಕಕ್ಕೆ ಉತ್ತರ ಕೊಟ್ಟಿಲ್ಲ. 18,225. ಅದು ಹಾಗೇ ಇದೆ. ಆ ಸಾಲು ತಿದ್ದಿ ಮೇಡಂ.

ತುಮಕೂರ್ ಅಮ್ಮ:
ತಿದ್ದುವುದಿಲ್ಲ. "ಒಳಗಿನ ಅಡ್ಡಳತೆಯಲ್ಲಿ" ಅಂತ ಬೇಕಾದರೆ ಓದಿಕೊಳ್ಳಿ.

ಮೈಸೂರ್ ಸೊಸೆ:
ದಯವಿಟ್ಟು ಯಾರಾದರೂ ಊಟದ ಬಗ್ಗೆ ಹೇಳಿ. ಇಲ್ಲಿ ಗುಮ್ಮಟ ಬಿಟ್ಟು ಬೇರೆ ಮಾತೇ ಇಲ್ಲ.

ತುಮಕೂರ್ ಅಮ್ಮ:
ತಡವಾಯಿತು, ಬೇಜಾರಾಗಬೇಡಿ. ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯಿರಿ. ನಾವು ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ-ಗೊಜ್ಜು ಮಾಡಿಕೊಂಡೆವು. ಮಧ್ಯಾಹ್ನ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಿಜ್ಜಾ. ಮರಿನಾರಾ ಕೇಳಿ: ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ, ಚೀಸ್ ಇರುವುದಿಲ್ಲ. ಅತ್ತೆ ಬೆಳ್ಳುಳ್ಳಿ ತಿನ್ನದಿದ್ದರೆ ಮೊದಲೇ ಹೇಳಿ. ಪಾರ್ಮಿಜಾನೋ, ಪೆಕೊರಿನೋ ಚೀಸ್ ಕರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುವಂಥದ್ದು. ಅಮ್ಮನಿಗೆ ಇದು ಗೊತ್ತಾದದ್ದು ಎರಡನೇ ದಿನ, ತಟ್ಟೆ ಪಕ್ಕಕ್ಕಿಟ್ಟು ಎದ್ದರು. ನೀರು ಕೊಳ್ಳಬೇಡಿ. ಬೀದಿ ಬೀದಿಯಲ್ಲೂ ಮೂಗಿನಂತೆ ಬಾಗಿದ ನಲ್ಲಿಗಳಿವೆ, ತಣ್ಣಗಿನ ಕುಡಿಯುವ ನೀರು. ಕೆಳಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ಬಾಯಿಗೇ ಚಿಮ್ಮುತ್ತದೆ. ಮಕ್ಕಳಿಗೆ ಅದೇ ಆಟ.

ಚರ್ಚಿನೊಳಗೆ ಭುಜ, ಮಂಡಿ ಮುಚ್ಚಿರಬೇಕು. ಸೀರೆ ಉಟ್ಟವರಿಗೆ ಸೆರಗು ಹೊದ್ದರೆ ಸಾಕು.

ಗುಮ್ಮಟನಗರಿ:
ಊಟದ ಮಾತು ಆಯಿತಲ್ಲ. ಈಗ ನೆಲದ ಲೆಕ್ಕಕ್ಕೆ ಯಾರಾದರೂ ಉತ್ತರ ಕೊಡಿ.