ಆ್ಯಪ್ ಒಳಗಿನ ಸರ್ವೆ: ಒಬ್ಬರಿಗೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ಪ್ರಶ್ನೆ (ಬಾಣೇರ್, ಪುಣೆ)

ಮೇಡಂ, ನಮಸ್ಕಾರ. ನಾನು ಇಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಪ್ರಾಡಕ್ಟ್ ಕೆಲಸ ನೋಡಿಕೊಳ್ಳುತ್ತೇನೆ. ಹೋಟೆಲ್, ಬೇಕರಿ, ಕಿರಾಣಿ ಅಂಗಡಿಯವರು ಬಿಲ್ ಮಾಡುವ ಆ್ಯಪ್ ನಮ್ಮದು. ತಿಂಗಳಿಗೆ ಸುಮಾರು 40,000 ಲಾಗಿನ್ ಬಳಕೆಯಲ್ಲಿವೆ. ಪ್ರಾಡಕ್ಟ್, ಸಪೋರ್ಟ್, ಪೇಮೆಂಟ್, ಮಾರ್ಕೆಟಿಂಗ್ ಅಂತ ನಾಲ್ಕು ತಂಡಗಳಿವೆ. ನಾಲ್ಕೂ ತಂಡದವರು ಆ್ಯಪ್ ಒಳಗೇ ಸರ್ವೆ ತೋರಿಸುತ್ತಾರೆ. ಪ್ರತಿ ಸರ್ವೆಗೂ 30 ದಿನದ ಗ್ಯಾಪ್ ಇಟ್ಟಿದ್ದೇವೆ. ಹೋದ ವರ್ಷ ನೂರು ಜನಕ್ಕೆ ತೋರಿಸಿದರೆ 12 ಜನ ಉತ್ತರ ಕೊಡುತ್ತಿದ್ದರು. ಈಗ 4 ಜನ. ಉತ್ತರ ಕಡಿಮೆಯಾಯಿತು, ಅದಕ್ಕೆ 15 ದಿನಕ್ಕೊಮ್ಮೆ ಎಲ್ಲರಿಗೂ ತೋರಿಸಿ ಅನ್ನುತ್ತಾರೆ ನಮ್ಮ ಬಾಸ್.

ಡೊಂಬಿವಲಿಯಲ್ಲಿ ನನ್ನ ಚಿಕ್ಕಪ್ಪನ ಹೋಟೆಲ್ ಇದೆ. ಅವರೂ ನಮ್ಮ ಆ್ಯಪ್ಪನ್ನೇ ಬಳಸುತ್ತಾರೆ. ಹೋದ ಭಾನುವಾರ ಬೆಳಿಗ್ಗೆ ಗಲ್ಲಾ ಪಕ್ಕ ಕೂತಿದ್ದೆ. ಏಳೆಂಟು ಗಿರಾಕಿಗಳು ನಿಂತಿದ್ದರು. ಎರಡು ಇಡ್ಲಿ ವಡೆ, ಒಂದು ಮಸಾಲೆ ದೋಸೆ, ಎರಡು ಕಾಫಿ ಹಾಕಿ ಪ್ರಿಂಟ್ ಒತ್ತುವಷ್ಟರಲ್ಲಿ ನಮ್ಮ ಸರ್ವೆ ಬಂದು ಪರದೆ ತುಂಬ ಕೂತಿತು. ಚಿಕ್ಕಪ್ಪನ ಬೆರಳಲ್ಲಿ ಎಣ್ಣೆ. ಮೂಲೆಯ ಸಣ್ಣ ಗುಂಡಿ ಎರಡು ಸಲ ಒತ್ತಿದರೂ ಮುಚ್ಚಲಿಲ್ಲ. ಮೂರನೇ ಸಲ ಬೆರಳು 0 ಮೇಲೆ ಬಿತ್ತು. ನಮ್ಮ ಲೆಕ್ಕದಲ್ಲಿ ಅದೇ ಅವರ ಅಭಿಪ್ರಾಯ ಅಂತ ದಾಖಲಾಯಿತು. "ಎಂತ ಮಾರಾಯ ಇದು, ದಿನಾ ಕೇಳ್ತದಲ್ಲ?" ಅಂದರು. ನನಗೆ ತುಂಬಾ ಬೇಜಾರಾಯಿತು. ಎಷ್ಟು ದಿನದ ಗ್ಯಾಪ್ ಇಟ್ಟರೆ ಸರಿ, ದಯವಿಟ್ಟು ಹೇಳಿ.

ಉತ್ತರ (ಮುಲುಂಡ್, ಮುಂಬೈ. ಬಳಕೆದಾರರ ಅಧ್ಯಯನ ಮಾಡುವ ಕೆಲಸದಲ್ಲಿ 14 ವರ್ಷ)

ನಮಸ್ಕಾರ. ಚಿಕ್ಕಪ್ಪ ದಿನಾ ಅಂದದ್ದು ಸುಮ್ನೆ ಅಲ್ಲ. ನಿಮ್ಮ 30 ದಿನದ ಗ್ಯಾಪ್ ಸರ್ವೆಗೆ ಇದೆ, ಮನುಷ್ಯನಿಗೆ ಇಲ್ಲ. ನಾಲ್ಕು ತಂಡಗಳು ತಮ್ಮ ತಮ್ಮ ನಿಯಮ ಸರಿಯಾಗಿ ಪಾಲಿಸಿದರೂ ಚಿಕ್ಕಪ್ಪನಿಗೆ ತಿಂಗಳಿಗೆ ನಾಲ್ಕು ಸರ್ವೆ ಬರುತ್ತದೆ. ವಾರಕ್ಕೊಂದು ಆಯಿತಲ್ವಾ? ಹಾಗಾಗಿ ದಿನದ ಸಂಖ್ಯೆ ಆಮೇಲೆ ನೋಡೋಣ. ಮೊದಲು ನಾಲ್ಕೂ ತಂಡಕ್ಕೆ ಸೇರಿ ಒಂದೇ ಲೆಕ್ಕದ ಪುಸ್ತಕ ಮಾಡಿ. ಯಾರಿಗೆ, ಯಾವ ದಿನ, ಯಾವ ಸರ್ವೆ ತೋರಿಸಿದಿರಿ, ಅವರು ಉತ್ತರ ಕೊಟ್ಟರೋ ಮುಚ್ಚಿದರೋ, ಇಷ್ಟು ಬರೆದಿಟ್ಟರೆ ಸಾಕು. ಯಾವ ತಂಡವೇ ಆಗಲಿ, ತೋರಿಸುವ ಮುಂಚೆ ಆ ಪುಸ್ತಕವನ್ನು ಕೇಳಬೇಕು.

ಇನ್ನೊಂದು ಅನುಮಾನ ಇದೆ, ನೋಡಿಕೊಳ್ಳಿ. ಗ್ಯಾಪ್ ಯಾವಾಗಿಂದ ಎಣಿಸುತ್ತಿದ್ದೀರಿ? ಉತ್ತರ ಬಂದ ದಿನದಿಂದ ಎಣಿಸುವ ವ್ಯವಸ್ಥೆಗಳನ್ನು ನಾನು ತುಂಬ ನೋಡಿದ್ದೇನೆ. ಅಲ್ಲಿ ಮುಚ್ಚಿದವರ ಹೆಸರೇ ದಾಖಲಾಗುವುದಿಲ್ಲ. ನಾಳೆ ಮತ್ತೆ ಅವರಿಗೇ ಬರುತ್ತದೆ. ಬೇಡ ಅಂದವರಿಗೇ ಜಾಸ್ತಿ ಕಾಟ. ಪರದೆಯ ಮೇಲೆ ಬಂದ ಕ್ಷಣದಿಂದಲೇ ಎಣಿಸಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಇಡುವ ಲೆಕ್ಕ ಇದು. ಯಾವುದೇ ಸರ್ವೆ ತೋರಿಸಿದ ಮೇಲೆ 30 ದಿನ ಯಾವ ತಂಡದ್ದೂ ಇಲ್ಲ. ಮುಚ್ಚಿದವರಿಗೆ 60 ದಿನ. ನಮ್ಮ ಆ್ಯಪ್ ಬೇರೆಯವರಿಗೆ ಹೇಳ್ತೀರಾ ಅಂತ ಕೇಳುವ 0ಯಿಂದ 10ರ ಎನ್‌ಪಿಎಸ್ ಪ್ರಶ್ನೆಗೆ ಕಡಿಮೆ ಅಂದರೂ 180 ದಿನ. 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಮುಂದಿಟ್ಟ ಪ್ರಶ್ನೆ ಅದು. ಒಂದು ಆ್ಯಪ್ ಮೇಲಿನ ಒಟ್ಟು ನಂಬಿಕೆಯನ್ನು ಅಳೆಯುತ್ತದೆ. ಅಂಥ ನಂಬಿಕೆ 15 ದಿನಕ್ಕೊಮ್ಮೆ ಬದಲಾಗುವುದಿಲ್ಲ. ಅದರಲ್ಲಿ 0ಯಿಂದ 6ರವರೆಗೆ ಕೊಟ್ಟವರು ಅತೃಪ್ತರ ಗುಂಪಿಗೆ ಹೋಗುತ್ತಾರೆ. ಎಣ್ಣೆ ಬೆರಳಿಂದ ಬಿದ್ದ ನಿಮ್ಮ ಚಿಕ್ಕಪ್ಪನ 0 ಕೂಡ ಅಲ್ಲಿಗೇ ಹೋಗಿದೆ. ಅದಕ್ಕೇ ನಾನು ಬಾಸ್‌ಗೆ ಹೇಳುವುದು, ಜಾಸ್ತಿ ಕೇಳಿದರೆ ಉತ್ತರ ಕಡಿಮೆ ಆಗುವುದು ಮಾತ್ರವಲ್ಲ, ಬಂದ ಉತ್ತರವೂ ಕೆಡುತ್ತದೆ.

ಎಲ್ಲರನ್ನೂ ಕೇಳುವ ಅಗತ್ಯವೇ ಇಲ್ಲ. 40,000 ಜನರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಸುಮಾರು 380 ಜನರ ಉತ್ತರ ಸಿಕ್ಕರೆ, ಶೇಕಡಾ ಲೆಕ್ಕ 5 ಅಂಕ ಆಚೀಚೆ ಇರುತ್ತದೆ ಅಂತ 95% ಭರವಸೆಯಲ್ಲಿ ಹೇಳಬಹುದು. ಎನ್‌ಪಿಎಸ್ ಅಂದರೆ 9, 10 ಕೊಟ್ಟವರ ಶೇಕಡದಿಂದ 0ಯಿಂದ 6 ಕೊಟ್ಟವರ ಶೇಕಡವನ್ನು ಕಳೆದು ಬಂದ ಅಂಕ. ಅಲ್ಲಿ ಈ ಆಚೀಚೆ ಇನ್ನೂ ಜಾಸ್ತಿ. ಹಾಗಾಗಿ ಎರಡು ಮೂರು ಅಂಕ ಏರಿತು ಇಳಿಯಿತು ಅಂತ ಮೀಟಿಂಗ್ ಕರೆಯಬೇಡಿ.

ಹೀಗೆ ಮಾಡಿ. ಯೂಸರ್ ಐಡಿಯನ್ನು ಹ್ಯಾಶ್ ಮಾಡಿ, ಅಂದರೆ ಒಂದು ಸೂತ್ರದಿಂದ ಸಂಖ್ಯೆಯಾಗಿ ಬದಲಾಯಿಸಿ, ಎಲ್ಲರನ್ನೂ 12 ಗುಂಪು ಮಾಡಿ. ತಿಂಗಳಿಗೆ ಒಂದು ಗುಂಪಿಗೆ ಮಾತ್ರ ಎನ್‌ಪಿಎಸ್ ತೋರಿಸಿ. ಒಂದು ಗುಂಪಿನಲ್ಲಿ 3,300 ಚಿಲ್ಲರೆ ಜನ. ಹೋದ ವರ್ಷದ ಹಾಗೆ ನೂರಕ್ಕೆ 12 ಉತ್ತರ ಬಂದರೆ ತಿಂಗಳಿಗೆ 400. ಈಗಿನ 4ರ ಲೆಕ್ಕದಲ್ಲಿ ಮೂರು ತಿಂಗಳು ಸೇರಿಸಿದರೆ ಅದೇ 400. ಒಬ್ಬರಿಗೆ ವರ್ಷಕ್ಕೆ ಒಂದೇ ಸಲ ಹೋಗುತ್ತದೆ, ನಿಮಗೆ ವರ್ಷವಿಡೀ ಅಂಕಿ ಸಿಗುತ್ತದೆ. ಹೊಸದಾಗಿ ಸೇರಿದವರೂ ತಾವಾಗಿಯೇ ಯಾವುದಾದರೂ ಗುಂಪಿಗೆ ಬೀಳುತ್ತಾರೆ. ಆದರೆ ಉತ್ತರ ಕೊಡುವವರು, ಕೊಡದವರು ಒಂದೇ ಥರ ಇರುವುದಿಲ್ಲ. ಆ ಓರೆಯನ್ನು ಯಾವ ಸಂಖ್ಯೆಯೂ ಸರಿಮಾಡುವುದಿಲ್ಲ. ಆಗಾಗ ಉತ್ತರ ಕೊಡದ ಹತ್ತು ಅಂಗಡಿಗೆ ಫೋನ್ ಮಾಡಿ ಮಾತಾಡಿ.

ತೋರಿಸುವ ಹೊತ್ತಂತೂ ಇವತ್ತೇ ಬದಲಾಯಿಸಬೇಕು. ಬಿಲ್ ತೆರೆದಿರುವಾಗ ಏನೂ ಬರಬಾರದು. ಹೋಟೆಲಿನವರಿಗೆ ರಾತ್ರಿ ದಿನದ ಲೆಕ್ಕ ಮುಚ್ಚಿದ ಮೇಲೆ ತೋರಿಸಿ. ಆಗ ಕೈ ತೊಳೆದು, ನೀರು ಕುಡಿದು ಕೂತಿರುತ್ತಾರೆ. ಪರದೆ ಪೂರ್ತಿ ಮುಚ್ಚಬೇಡಿ, ಕೆಳಗಿನ ಪಟ್ಟಿಯಷ್ಟೇ ಸಾಕು. ಮುಚ್ಚುವ ಗುಂಡಿ ಹೆಬ್ಬೆರಳಿನಷ್ಟು ದೊಡ್ಡದಿರಲಿ.

ಕಾಮೆಂಟ್ (ಹಿಂಜವಾಡಿ, ಪುಣೆ)

ಅಕ್ಕಾ, ನಾನು ಡೆವಲಪರ್. ಕೊನೆಯ ಸರ್ವೆಯ ತಾರೀಕನ್ನು ಫೋನಿನಲ್ಲೇ ಸೇವ್ ಮಾಡುತ್ತೇವೆ. ಸಾಕಲ್ವಾ?

ಉತ್ತರ

ಸಾಲದು. ಆ್ಯಪ್ ತೆಗೆದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಆ ತಾರೀಕು ಹೋಗಿಬಿಡುತ್ತದೆ. ಫೋನ್ ಬದಲಾದರೂ ಅಷ್ಟೇ. ಲೆಕ್ಕ ಸರ್ವರಿನಲ್ಲಿ, ಯೂಸರ್ ಐಡಿ ಮೇಲೆ ಇರಲಿ. ಫೋನಿನಲ್ಲಿ ಒಂದು ನಕಲು ಇಡಿ. ನೆಟ್ ಇಲ್ಲದಾಗ ಸರ್ವರ್ ಉತ್ತರ ಕೊಡದಿದ್ದರೆ ತೋರಿಸದೆ ಸುಮ್ಮನಿರಬೇಕು. ಅನುಮಾನ ಬಂದಾಗ ತೋರಿಸುವ ಕಡೆ ವಾಲಬೇಡಿ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಒಂದು ಪೆಟ್ಟು ತಿಂದಿದ್ದೇವೆ. ಎರಡು ಸರ್ವೆ ಒಂದೇ ಕ್ಷಣಕ್ಕೆ ಪುಸ್ತಕವನ್ನು ಕೇಳಿದವು. ಎರಡಕ್ಕೂ "ಖಾಲಿ ಇದೆ" ಅಂತ ಉತ್ತರ ಹೋಯಿತು. ಒಂದರ ಮೇಲೊಂದು ಬಂದು ಕೂತವು. ಹಾಗಾಗಿ ಅನುಮತಿ ಕೊಡುವಾಗಲೇ ಜಾಗ ಕಾದಿರಿಸಿ. ತೋರಿಸಲು ಆಗದಿದ್ದರೆ ಕೆಲವು ನಿಮಿಷದ ಮೇಲೆ ಬಿಟ್ಟುಕೊಡಿ. ಒಂದೇ ಅಂಗಡಿಯಲ್ಲಿ ಮೂರು ಲಾಗಿನ್ ಇದ್ದರೆ ಅಂಗಡಿಯ ಖಾತೆಯ ಮೇಲೂ ಒಂದು ಮಿತಿ ಹಾಕಿ.

ಕಾಮೆಂಟ್ (ಠಾಣೆ)

ಆ್ಯಪ್ ಸ್ಟೋರಿನ ಸ್ಟಾರ್ ರೇಟಿಂಗ್ ಕೇಳುವುದೂ ಈ ಲೆಕ್ಕಕ್ಕೆ ಬರುತ್ತದಾ ಮೇಡಂ?

ಉತ್ತರ

ಖಂಡಿತ ಬರಬೇಕು. ಬಳಸುವವರಿಗೆ ಎರಡೂ ಒಂದೇ ಅಡ್ಡಿ. ಆ್ಯಪಲ್ 2017ರಲ್ಲಿ ಐಓಎಸ್ 10.3 ಜೊತೆ ತಂದ ರೇಟಿಂಗ್ ಪೆಟ್ಟಿಗೆ ಒಬ್ಬರಿಗೆ 365 ದಿನದಲ್ಲಿ ಹೆಚ್ಚೆಂದರೆ 3 ಸಲ ಬರುತ್ತದೆ. ನೀವು ಎಷ್ಟು ಸಲ ಕರೆದರೂ ಅಷ್ಟೇ. ಗೂಗಲ್ ಪ್ಲೇನಲ್ಲೂ ಮಿತಿ ಇದೆ. ಹಾಗಾಗಿ "ರೇಟಿಂಗ್ ಕೊಡಿ" ಅಂತ ಗುಂಡಿ ಇಟ್ಟು ಅದಕ್ಕೆ ಈ ಪೆಟ್ಟಿಗೆ ಕಟ್ಟಬೇಡಿ. ಮಿತಿ ಮುಗಿದಿದ್ದರೆ ಒತ್ತಿದವರಿಗೆ ಏನೂ ಕಾಣುವುದಿಲ್ಲ. "ಆ್ಯಪ್ ಇಷ್ಟವಾಯಿತಾ?" ಅಂತ ಮೊದಲು ಕೇಳಿ, ಹೌದು ಅಂದವರಿಗೆ ಮಾತ್ರ ರೇಟಿಂಗ್ ತೋರಿಸುವುದನ್ನು ಗೂಗಲ್ ಬೇಡ ಅನ್ನುತ್ತದೆ.

ಕಾಮೆಂಟ್ (ಮಡಗಾಂವ್, ಗೋವಾ)

ನಾನು ಬೇಕರಿ ಇಟ್ಟಿದ್ದೇನೆ. ಇಂಥ ಸರ್ವೆ ನನಗೂ ಬರುತ್ತದೆ. ಎಲ್ಲ ಇಂಗ್ಲಿಷಿನಲ್ಲಿ. ನನ್ನ ಹುಡುಗರು ಏನು ಅಂತ ಓದದೆ 5 ಒತ್ತಿ ಮುಚ್ಚುತ್ತಾರೆ.

ಉತ್ತರ

ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣಾ. ಇದನ್ನು ಆಫೀಸಿನಲ್ಲಿ ಕೂತು ನಾವು ಯಾವತ್ತೂ ತಿಳಿಯಲಾರೆವು. ಆ್ಯಪ್ ಯಾವ ಭಾಷೆಯಲ್ಲಿ ನಡೆಯುತ್ತಿದೆಯೋ ಸರ್ವೆಯೂ ಅದೇ ಭಾಷೆಯಲ್ಲಿ ಬರಬೇಕು. ಅನುವಾದ ತಯಾರಿಲ್ಲದ ಭಾಷೆಯವರಿಗೆ ಆ ಸರ್ವೆ ಹೋಗಲೇಬಾರದು.

ಪ್ರಶ್ನೆ ಕೇಳಿದವರು

ಮೇಡಂ, ನಿನ್ನೆ ಲಾಗ್ ತೆಗೆದು ನೋಡಿದೆ. ಚಿಕ್ಕಪ್ಪನ ಲಾಗಿನ್‌ಗೆ 90 ದಿನದಲ್ಲಿ 11 ಸರ್ವೆ ಹೋಗಿದೆ. 10 ಮುಚ್ಚಿದ್ದಾರೆ. ಉಳಿದ ಒಂದು ಆ 0. ನೀವು ಅಂದ ಹಾಗೆಯೇ, ಗ್ಯಾಪ್ ಉತ್ತರ ಬಂದ ದಿನದಿಂದ ಎಣಿಕೆಯಾಗುತ್ತಿತ್ತು. ಬಾಸ್‌ಗೆ ತೋರಿಸಿದೆ. 15 ದಿನದ ಮಾತು ಸದ್ಯಕ್ಕೆ ನಿಂತಿದೆ. ಹಳೆಯ ಅಂಕಗಳನ್ನು ಏನು ಮಾಡಲಿ?

ಉತ್ತರ

ಅಳಿಸಬೇಡಿ. ಬಿಲ್ ತೆರೆದಿದ್ದಾಗ ಬಂದ ಉತ್ತರಗಳಿಗೆ ಒಂದು ಗುರುತು ಹಾಕಿ ಬೇರೆ ಇಡಿ. ಅವನ್ನು ಬಿಟ್ಟು ಅಂಕ ಎಷ್ಟಾಗುತ್ತದೆ ಅಂತ ಪಕ್ಕದಲ್ಲಿಟ್ಟು ತೋರಿಸಿ. ಹೊಸ ಪದ್ಧತಿ ಶುರುವಾದ ದಿನ ಗ್ರಾಫ್ ಮೇಲೆ ಒಂದು ಗೆರೆ ಎಳೆಯಿರಿ, ಗೆರೆಯ ಆಚೆ ಈಚೆ ಹೋಲಿಸಬೇಡಿ. 90 ದಿನದಲ್ಲಿ ಮೂರಕ್ಕಿಂತ ಜಾಸ್ತಿ ಸರ್ವೆ ಕಂಡವರಿಗೆಲ್ಲ ಇನ್ನು 90 ದಿನ ಏನೂ ಕಳಿಸಬೇಡಿ. ಆ ಪಟ್ಟಿಯನ್ನು ಇವತ್ತೇ ತೆಗೆಯಿರಿ.