ಹಾಟ್ ಟಾಡಿ ಯಾಕೆ ಕಹಿಯಾಗುತ್ತದೆ?

ಪ್ರಶ್ನೆ: ನಿನ್ನೆ ರಾತ್ರಿ ಹಾಟ್ ಟಾಡಿ (ವಿಸ್ಕಿ ಹಾಕಿದ ಬಿಸಿ ಪಾನೀಯ) ಮಾಡೋಣ ಅಂತ ವಿಸ್ಕಿ, ನೀರು, ನಿಂಬೆ ಹೋಳು, 6 ಲವಂಗ, ಚಕ್ಕೆ ಎಲ್ಲಾ ಒಂದೇ ಪಾತ್ರೆಗೆ ಹಾಕಿ 10 ನಿಮಿಷ ಕುದಿಸಿದೆ. ಘಾಟು ಮೂಗಿಗೆ ಹೊಡೆಯಿತು. ಕುಡಿದರೆ ಬರೀ ಕಹಿ. ವಿಸ್ಕಿಯ ಪರಿಮಳವೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ವಿಸ್ಕಿ ಕುದಿಸಲೇಬಾರದು. ಆಲ್ಕೋಹಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ಪರಿಮಳವೂ ಜೊತೆಗೇ ಹಾರಿಹೋಗುತ್ತದೆ. ಆ ಆವಿಗೆ ಬೆಂಕಿ ಹತ್ತಬಹುದು, ಹುಷಾರು. ನಾನು ಮೊದಲು ಲೋಟಕ್ಕೆ ಬಿಸಿನೀರು ಹಾಕಿ ಚೆಲ್ಲುತ್ತೇನೆ. ಇದನ್ನು ಬಿಡಬೇಡಿ, ತಣ್ಣನೆಯ ಲೋಟ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಆಮೇಲೆ ಒಂದು ಚಮಚ ಜೇನು, 2 ಲವಂಗ, 120 ಮಿಲಿ ಬಿಸಿನೀರು ಹಾಕಿ 3 ನಿಮಿಷ ಮುಚ್ಚಿಡುತ್ತೇನೆ. 45 ಮಿಲಿ ವಿಸ್ಕಿ, ಎರಡು ಚಮಚ ನಿಂಬೆರಸ ಕೊನೆಗೆ.

ಇನ್ನೊಂದು ಉತ್ತರ: ನಿಂಬೆ ಸಿಪ್ಪೆಯ ಒಳಗಿನ ಬಿಳಿ ಭಾಗ ಕುದಿದರೆ ಕಹಿ ಬಿಡುತ್ತದೆ. ಪರಿಮಳ ಬೇಕಾದರೆ ಮೇಲಿನ ಹಳದಿ ಸಿಪ್ಪೆಯನ್ನು ಮಾತ್ರ ತೆಳುವಾಗಿ ಹೆರೆದು ಲೋಟದ ಮೇಲೆ ಹಿಂಡಿ. 6 ಲವಂಗ ಒಂದು ಲೋಟಕ್ಕೆ ಜಾಸ್ತಿ ಆಯಿತು ಅಲ್ವಾ?

ಕೇಳಿದವರು: ಇವತ್ತು ಹಾಗೇ ಮಾಡಿದೆ. ಕಹಿ ಇಲ್ಲ, ಜೇನಿನ ಹಿಂದೆ ವಿಸ್ಕಿ ಸ್ಪಷ್ಟವಾಗಿ ಸಿಗುತ್ತಿದೆ. ತುಂಬಾ ಥ್ಯಾಂಕ್ಸ್!