ಹೋಟೆಲ್ ಬಿಲ್ ಜಾಸ್ತಿ ಎಳೆದಿದ್ದಾರೆ, ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ಹಾಕೋದು ಹೇಗೆ? (ಪ್ರಶ್ನೋತ್ತರ)

ಅಡ್ಮಿನ್: ಬ್ಯಾಂಕಿನ ಕಾರ್ಡ್ ತಕರಾರು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಹೋಟೆಲ್‌ನವರು ಹೇಳಿದ್ದಕ್ಕಿಂತ ಹೆಚ್ಚು ದುಡ್ಡು ತೆಗೆದುಕೊಂಡಿದ್ದರೆ ಕೇಳಿ. ಕಾರ್ಡ್ ನಂಬರ್, ಓಟಿಪಿ ಯಾರೂ ಇಲ್ಲಿ ಹಾಕಬೇಡಿ.

ದಾರಿಹೋಕ: ಮೇಡಂ, ಎರಡು ಸಲ ದುಡ್ಡು ಕಟ್ ಆಗಿದೆ. ಒಂದು ಚೆಕ್‌ಇನ್ ದಿನ, ಇನ್ನೊಂದು ಚೆಕ್‌ಔಟ್ ದಿನ. ಮೊದಲನೆಯದು ಬಿಲ್‌ಗಿಂತ ಜಾಸ್ತಿ ಇದೆ.

ಉತ್ತರ: ಆಪ್‌ನಲ್ಲಿ ಮೊದಲನೆಯದರ ಪಕ್ಕ ‘ಪೆಂಡಿಂಗ್’ ಅಂತ ಇದೆಯಾ ನೋಡಿ. ಇದ್ದರೆ ಅದು ಕಟ್ ಆಗಿಲ್ಲ, ಹೋಲ್ಡ್ ಆಗಿದೆ ಅಷ್ಟೆ. ಚೆಕ್‌ಇನ್ ಮಾಡುವಾಗ ಬಾಡಿಗೆಯ ಮೇಲೆ ಒಂದಿಷ್ಟು ಸೇರಿಸಿ ನಿಮ್ಮ ಲಿಮಿಟ್‌ನಲ್ಲಿ ತಡೆಹಿಡಿಯುತ್ತಾರೆ. ಕೊನೆಯ ಬಿಲ್ ಬಂದ ಮೇಲೆ ಅದು ಬಿಟ್ಟುಹೋಗುತ್ತದೆ. ಕೆಲವು ಸಲ ತಡವಾಗುತ್ತದೆ, ಹೋಟೆಲ್ ಹೋಲ್ಡ್ 30 ದಿನದವರೆಗೂ ನಿಲ್ಲಬಹುದು. ಬೇಗ ಬಿಡಿಸಬೇಕಾದರೆ ಹೋಟೆಲ್‌ಗೇ ಹೇಳಿ ಬ್ಯಾಂಕಿಗೆ ರಿಲೀಸ್ ಕಳಿಸಲಿ. ಎರಡೂ ಸ್ಟೇಟ್‌ಮೆಂಟಿಗೆ ಬಂದಿದ್ದರೆ ಮಾತ್ರ ತಕರಾರು ಹಾಕಿ.

ಮಳೆಹನಿ: ಮೇಡಂ, ಇದು ಅಪ್ಪನ ಕಾರ್ಡಿನ ವಿಷಯ. ಮೂರು ರಾತ್ರಿ ಇದ್ದು, ಬಿಲ್ ಪೂರ್ತಿ ಕಟ್ಟಿ ಬಂದರು. ಮೂರು ವಾರ ಆದ ಮೇಲೆ ಅದೇ ಹೋಟೆಲ್‌ನಿಂದ ಇನ್ನೊಂದು ಚಾರ್ಜ್, ಹೆಚ್ಚುಕಡಿಮೆ ಎರಡು ರಾತ್ರಿಯ ಬಾಡಿಗೆಯಷ್ಟು. ಕೇಳಿದರೆ ರೂಮಿನಲ್ಲಿ ಸಿಗರೇಟು ಸೇದಿದ್ದಾರೆ, ಕ್ಲೀನಿಂಗ್ ಫೀ ಅಂದರು. ಅಪ್ಪ ಸಿಗರೇಟು ಮುಟ್ಟಿದವರೇ ಅಲ್ಲ. ಯಾವುದೋ ಫಾರ್ವರ್ಡ್ ಓದಿ ‘ಈ ವ್ಯವಹಾರ ನಾನು ಮಾಡಿಲ್ಲ’ ಅಂತ ಬ್ಯಾಂಕಿಗೆ ಫ್ರಾಡ್ ಕಂಪ್ಲೇಂಟ್ ಕೊಟ್ಟುಬಿಟ್ಟರು. ಬ್ಯಾಂಕ್ ದುಡ್ಡು ವಾಪಸ್ ಹಾಕಿತ್ತು. ನಿನ್ನೆ ಮತ್ತೆ ತೆಗೆದುಕೊಂಡಿದೆ. ಹೋಟೆಲ್‌ನವರು ಅಪ್ಪನ ಸಹಿ ಇರುವ ಫಾರಂ ಕಳಿಸಿದ್ದಾರಂತೆ. ಅಪ್ಪ ಎರಡು ದಿನದಿಂದ ಸರಿಯಾಗಿ ಮಾತೇ ಆಡ್ತಿಲ್ಲ.

ನೇರನುಡಿ: ಈ ಫಾರ್ವರ್ಡ್ ತಾನೆ? “ಎಲ್ಲರೂ ಓದಿ, ಶೇರ್ ಮಾಡಿ. ಹೋಟೆಲ್ ಜಾಸ್ತಿ ದುಡ್ಡು ಎಳೆದರೆ ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ. ಫ್ರಾಡ್ ಅಂತ ಮಾತ್ರ ಹೇಳಿ, ಬೇರೇನೂ ಹೇಳಬೇಡಿ. 24 ಗಂಟೆಯಲ್ಲಿ ಪೂರ್ತಿ ದುಡ್ಡು ವಾಪಸ್.” ನಮ್ಮ ಆಫೀಸಿನಲ್ಲಿ ಒಬ್ಬರಿಗೆ ನಿಜವಾಗಲೂ ಬಂತು.

ಉತ್ತರ: ನೇರನುಡಿ ಸರ್, ಇದನ್ನು ದಯವಿಟ್ಟು ಇಲ್ಲಿಂದ ತೆಗೆಯಿರಿ. 24 ಗಂಟೆಯಲ್ಲಿ ಬರುವುದು ತಾತ್ಕಾಲಿಕ ಜಮೆ. ಮಳೆಹನಿಯವರ ಅಪ್ಪನಿಗೂ ಅದೇ ಬಂದಿತ್ತು, ಹೋಯಿತು ನೋಡಿ.

ಮಳೆಹನಿ, ನಿಧಾನವಾಗಿ ಓದಿ. ಫ್ರಾಡ್ ಅಂದ ತಕ್ಷಣ ಬ್ಯಾಂಕ್ ಕೇಳುವ ಪ್ರಶ್ನೆ ಒಂದೇ: ಕಾರ್ಡ್ ಕೊಟ್ಟವರು ಕಾರ್ಡಿನ ಯಜಮಾನರೇನಾ? ಹೋಟೆಲ್ ಸಹಿ ತೋರಿಸಿತು, ಪ್ರಶ್ನೆ ಮುಗಿಯಿತು. ರೂಮಿನಲ್ಲಿ ಸಿಗರೇಟು ಸೇದಿದರಾ ಇಲ್ಲವಾ ಅಂತ ಇದುವರೆಗೆ ಯಾರೂ ನೋಡಿಲ್ಲ. ನಿಮ್ಮ ಅಪ್ಪ ಸೋತಿದ್ದು ತಪ್ಪು ಪ್ರಶ್ನೆಯಲ್ಲಿ.

ಈಗ ಬ್ಯಾಂಕಿಗೆ ಬರೆದು ಕೊಡಿ, ಫೋನಿನಲ್ಲಿ ಬೇಡ. ಸತ್ಯವನ್ನೇ ಬರೆಯಿರಿ: ನಾನು ಅಲ್ಲಿ ಉಳಿದಿದ್ದೆ, ಸಹಿ ನನ್ನದೇ, ರೂಮಿನ ಬಾಡಿಗೆ ಬಗ್ಗೆ ತಕರಾರಿಲ್ಲ. ಇಂಥ ತಾರೀಖಿನ ಎರಡನೇ ಚಾರ್ಜಿಗೆ ನಾನು ಒಪ್ಪಿಗೆ ಕೊಟ್ಟಿಲ್ಲ. ಮೊದಲ ದೂರು ಫ್ರಾಡ್ ಅಂತ ಹೋಗಿದ್ದು ತಪ್ಪು, ಇದನ್ನು ಸೇವೆ ಮತ್ತು ಮೊತ್ತದ ತಕರಾರು ಅಂತ ನೋಡಿ. ಒಂದೇ ಚಾರ್ಜಿಗೆ ಎರಡನೇ ಸಲ ಫೈಲ್ ತೆರೆಯಲು ಬ್ಯಾಂಕ್ ಒಪ್ಪದೇ ಇರಬಹುದು. ಹಾಗಾದರೆ ಅದೇ ಪತ್ರವನ್ನು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಕಳಿಸಿ.

ಹೋಟೆಲ್ ಕಳಿಸಿದ ಕಾಗದಗಳ ಪ್ರತಿ ಕೇಳಿ ತೆಗೆದುಕೊಳ್ಳಿ. ಸಹಿಯ ಮೇಲಿನ ಸಾಲುಗಳನ್ನು ಓದಿ. ಸಿಗರೇಟಿಗೆ ಇಷ್ಟು ದಂಡ ಅಂತ ಮೊತ್ತ ಬರೆದಿದೆಯಾ, ಇಲ್ಲ ‘ಇತರೆ ಶುಲ್ಕ’ ಅಂತ ಬರೀ ಒಂದು ಮಾತಿದೆಯಾ? ಕಾರ್ಡ್ ಮಾಸ್ಟರ್‌ಕಾರ್ಡ್ ಆಗಿದ್ದರೆ ಇದು ದೊಡ್ಡ ವಿಷಯ. ಹಾನಿ ಅಂತ ಹಾಕುವ ದುಡ್ಡಿಗೆ ಚೆಕ್‌ಇನ್ ಸಹಿ ಸಾಲದು. ಹಾನಿ ಆದ ಮೇಲೆ ಮೊತ್ತ ಹೇಳಿ ಬೇರೆ ಒಪ್ಪಿಗೆ ಪಡೆಯಬೇಕು. ‘ಇದು ಹಾನಿಯಲ್ಲ, ಫೀ’ ಅಂತ ಹೋಟೆಲ್ ವಾದಿಸುತ್ತದೆ, ಅದಕ್ಕೇ ಆ ಫಾರಂ ಬೇಕು. ವೀಸಾ ಆಗಿದ್ದರೆ ಮೂರು ವಾರ ತಡವಾಯಿತು ಅನ್ನುವ ವಾದ ಹಿಡಿಯಬೇಡಿ. ಚೆಕ್‌ಔಟ್ ಆದಮೇಲೆ ಉಳಿದ ಬಾಕಿ ಹಾಕಲು ಅಲ್ಲಿ ಹೋಟೆಲ್‌ಗಳಿಗೆ 90 ದಿನ ಇದೆ.

ಹೋಟೆಲ್‌ಗೂ ಇಮೇಲ್ ಮಾಡಿ: ಹೌಸ್‌ಕೀಪಿಂಗ್ ವರದಿ, ಸಮಯ ಇರುವ ಫೋಟೊ, ರೂಮ್ ನಂಬರ್, ಅದೇ ದಿನ ಆ ರೂಮ್ ಬೇರೆಯವರಿಗೆ ಕೊಟ್ಟಿರಾ ಅಂತ. ಫೋಟೊದಲ್ಲಿರುವ ಕರ್ಟನ್, ಕಾರ್ಪೆಟ್ ನಿಮ್ಮ ಅಪ್ಪ ಇದ್ದ ರೂಮಿನದೇನಾ ಅಂತ ಅವರಿಗೇ ತೋರಿಸಿ ಕೇಳಿ. ಬೇರೆ ರೂಮಿನ ಫೋಟೊ ಸೇರಿಕೊಂಡ ಫೈಲ್‌ಗಳನ್ನು ನಾನು ನೋಡಿದ್ದೇನೆ. ಚೆಕ್‌ಔಟ್ ದಿನ ಕೊಟ್ಟ ಬಿಲ್‌ನ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆ ಅಂತ ಇದ್ದರೆ ಅದನ್ನೂ ಲಗತ್ತಿಸಿ. ಮತ್ತೆ ಅಪ್ಪನಿಗೆ ಹೇಳಿ, ಅವರು ಯಾರಿಗೂ ಮೋಸ ಮಾಡಿಲ್ಲ.

ಕಿಟಕಿಸೀಟು: ನನಗೂ ಎರಡು ಸಲ ಕಟ್ ಆಗಿದೆ ಮೇಡಂ, ಏನು ಮಾಡಲಿ?

ಉತ್ತರ: ದಾರಿಹೋಕರಿಗೆ ಕೊಟ್ಟ ಉತ್ತರ ಓದಿ.

ರಾತ್ರಿಪಾಳಿ: ನಾನು ಹೋಟೆಲ್ ಫ್ರಂಟ್ ಆಫೀಸಿನಲ್ಲಿದ್ದೇನೆ. ಎಲ್ಲ ಚಾರ್ಜೂ ಮೋಸ ಅಲ್ಲ. ಕೆಲವು ಮಿನಿಬಾರ್‌ಗಳಲ್ಲಿ ಸೆನ್ಸರ್ ಇರುತ್ತದೆ. ಗೆಸ್ಟ್ ತಮ್ಮ ಬಾಟಲಿ ಇಡಲು ನಮ್ಮದನ್ನು ಎತ್ತಿ ಪಕ್ಕಕ್ಕೆ ಇಟ್ಟರೂ ಬಿಲ್‌ಗೆ ಬೀಳುತ್ತದೆ. ಕೌಂಟರಿನಲ್ಲೇ ಹೇಳಿದರೆ ತೆಗೆಯುತ್ತೇವೆ.

ನೇರನುಡಿ: ಅಂದ್ರೆ ಬಾಟಲಿ ಮುಟ್ಟಿದ್ದಕ್ಕೂ ದುಡ್ಡು! ಹೋಟೆಲ್‌ನವರೆಲ್ಲ ಒಂದೇ. ಕೇಳದವರ ಹತ್ತಿರ ಕಿತ್ತುಕೊಳ್ಳೋದು.

ರಾತ್ರಿಪಾಳಿ: ಸರ್, ಟವೆಲ್ ತೆಗೆದುಕೊಂಡು ಹೋಗಿ ಆಮೇಲೆ ಫ್ರಾಡ್ ಅಂತ ದೂರು ಕೊಡುವ ಗೆಸ್ಟ್‌ಗಳೂ ಇದ್ದಾರೆ. ಆ ಫೈಲಿಗೆ ಕಾಗದ ಜೋಡಿಸುವುದು ನಾವು.

ನೇರನುಡಿ: ಯಾರಿಗೆ ಕಳ್ಳ ಅಂತಿದ್ದೀರಿ? ಸ್ವಲ್ಪ ನೋಡಿ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಕಿಟಕಿಸೀಟು: ಓದಿದೆ. ನನ್ನದು ಪೆಂಡಿಂಗ್ ಅಲ್ಲ, ಎರಡೂ ಸ್ಟೇಟ್‌ಮೆಂಟಿನಲ್ಲಿವೆ. ಒಂದು ಬುಕಿಂಗ್ ಸೈಟ್ ಹೆಸರಲ್ಲಿ, ಒಂದು ಹೋಟೆಲ್ ಹೆಸರಲ್ಲಿ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು. ಸೈಟ್‌ಗೆ ಮುಂಚೆಯೇ ಕಟ್ಟಿದ್ದರೆ ಹೋಟೆಲ್ ಮತ್ತೆ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಹೋಟೆಲ್ ಚಾರ್ಜಿನ ಮೇಲೆ ‘ಬೇರೆ ರೀತಿಯಲ್ಲಿ ಈಗಾಗಲೇ ಪಾವತಿಸಿದೆ’ ಅಂತ ತಕರಾರು ಹಾಕಿ, ಸೈಟ್‌ನ ರಸೀದಿ ಕೊಡಿ. ಅದಕ್ಕೆ ಮುಂಚೆ ಹೋಟೆಲ್ ಬಿಲ್ ಬಿಡಿಸಿ ನೋಡಿ. ಸ್ಥಳೀಯ ತೆರಿಗೆ, ರೆಸಾರ್ಟ್ ಫೀ ಅಂತ ಅಲ್ಲೇ ಕಟ್ಟಬೇಕಾದದ್ದು ಇರಬಹುದು.

ಬೆಟ್ಟದ ಹೂ: ವಿದೇಶದಲ್ಲಿ ಬಿಲ್ ನಮ್ಮ ದೇಶದ ಕರೆನ್ಸಿಯಲ್ಲೇ ಬಂತು, ರೇಟ್ ತುಂಬ ಜಾಸ್ತಿ. ಇದಕ್ಕೂ ತಕರಾರು ಹಾಕಬಹುದಾ?

ಉತ್ತರ: ಯಾವ ಕರೆನ್ಸಿ ಬೇಕು ಅಂತ ನಿಮ್ಮನ್ನು ಕೇಳಿರಲೇಬೇಕು. ಕೇಳದೆ ಬದಲಾಯಿಸಿದ್ದರೆ ಹಾಕಬಹುದು. ಸ್ಲಿಪ್‌ನಲ್ಲಿ ‘ಒಪ್ಪಿದ್ದೇನೆ’ ಅನ್ನುವ ಸಾಲಿನ ಕೆಳಗೆ ಸಹಿ ಮಾಡಿದ್ದರೆ ಕಷ್ಟ.

ಹಸಿರುಛತ್ರಿ: ಡೆಬಿಟ್ ಕಾರ್ಡಿಗೂ ಇದೇ ನಿಯಮನಾ?

ದಾರಿಹೋಕ: ಹೋಗಲೇ ಇಲ್ಲ ಅಂತ ನನ್ನ ತಮ್ಮನಿಗೆ ಮೂರೂ ರಾತ್ರಿಯ ದುಡ್ಡು ಹಾಕಿದ್ದಾರೆ. ವೀಸಾ ಕಾರ್ಡ್.

ಉತ್ತರ: ಮುಂಗಡ ಕಟ್ಟದೆ ಬರೀ ಕಾರ್ಡ್ ಗ್ಯಾರಂಟಿ ಕೊಟ್ಟು ಬುಕ್ ಮಾಡಿದ್ದರೆ ವೀಸಾದಲ್ಲಿ ಒಂದು ರಾತ್ರಿಯ ದುಡ್ಡು ಮಾತ್ರ. ರದ್ದು ಮಾಡಿದರೂ ದುಡ್ಡು ವಾಪಸ್ ಇಲ್ಲ ಅಂತ ಒಪ್ಪಿ ಮೊದಲೇ ಕಟ್ಟಿದ್ದರೆ ಆ ಮಾತು ಬೇರೆ.

ನೇರನುಡಿ: ಇದೆಲ್ಲ ಯಾಕೆ, ಕಾರ್ಡ್ ಬಿಲ್ಲೇ ಕಟ್ಟಬೇಡಿ. ತಾನಾಗಿ ದಾರಿಗೆ ಬರ್ತಾರೆ. ಕಸ್ಟಮರ್ ಕೇರ್ ನಂಬರ್ ಹುಡುಕಿ ಹಾಕಲಾ?

ಉತ್ತರ: ಬೇಡ. ಎರಡೂ ಬೇಡ. ಬಿಲ್ ಕಟ್ಟದಿದ್ದರೆ ಬಡ್ಡಿ, ಲೇಟ್ ಫೀ ಬೀಳುವುದು ಕಾರ್ಡಿನವರ ಮೇಲೆ, ಹೋಟೆಲ್ ಮೇಲಲ್ಲ. ತಕರಾರಿನ ಮೊತ್ತ ಮಾತ್ರ ತಡೆಹಿಡಿಯಬಹುದಾ ಅಂತ ಬ್ಯಾಂಕನ್ನು ಬರವಣಿಗೆಯಲ್ಲಿ ಕೇಳಿ, ಉಳಿದದ್ದನ್ನು ಗಡುವಿನೊಳಗೆ ಕಟ್ಟಿ. ಇಂಟರ್ನೆಟ್ಟಿನಲ್ಲಿ ಹುಡುಕಿದ ನಂಬರಿಗೆ ಯಾರೂ ಫೋನ್ ಮಾಡಬೇಡಿ. ‘ರೀಫಂಡ್ ಕೊಡುತ್ತೇವೆ, ಓಟಿಪಿ ಹೇಳಿ’ ಅನ್ನುವವರು ಉಳಿದ ದುಡ್ಡನ್ನೂ ತೆಗೆದುಕೊಂಡು ಹೋಗುತ್ತಾರೆ. ದುಡ್ಡು ವಾಪಸ್ ಬರಲು ಓಟಿಪಿ ಬೇಕಾಗುವುದೇ ಇಲ್ಲ. ಕಾರ್ಡಿನ ಹಿಂದೆ ಇರುವ ನಂಬರ್ ಸಾಕು.

ನೇರನುಡಿ: ಸಹಾಯ ಮಾಡೋಕೆ ಬಂದರೆ ಹೀಗೆ ಮಾತಾಡ್ತೀರಿ. ನಾನು ಗ್ರೂಪ್ ಬಿಡ್ತೀನಿ.

ರಾತ್ರಿಪಾಳಿ: ಬಿಡಿ ಸರ್.

ಹಸಿರುಛತ್ರಿ: ಡೆಬಿಟ್ ಕಾರ್ಡ್ ಬಗ್ಗೆ ಯಾರಾದರೂ ಹೇಳಿ ಪ್ಲೀಸ್.

ಮಳೆಹನಿ: ಮೇಡಂ, ಬ್ಯಾಂಕ್ ಕಾಗದ ಕಳಿಸಿತು. ಕಾರ್ಡ್ ಮಾಸ್ಟರ್‌ಕಾರ್ಡ್. ಫಾರಂನಲ್ಲಿ ಸಿಗರೇಟಿನ ಮಾತೇ ಇಲ್ಲ, ‘ಇತರೆ ಶುಲ್ಕಗಳಿಗೆ ನಾನು ಹೊಣೆ’ ಅಂತ ಒಂದು ಸಾಲು. ಆದರೆ ಫೋಟೊದಲ್ಲಿ ಬೂದಿ ಇರೋ ಕಪ್ ಇದೆ, ಬಾಲ್ಕನಿ ಕಾಣಿಸ್ತಿದೆ. ಅಪ್ಪನ ರೂಮಿಗೆ ಬಾಲ್ಕನಿನೇ ಇರಲಿಲ್ಲ ಅಂತಾರೆ.

ಉತ್ತರ: ಬುಕಿಂಗ್ ದೃಢೀಕರಣದಲ್ಲಿ ರೂಮಿನ ಬಗೆ ಬರೆದಿರುತ್ತದೆ, ಅದನ್ನು ಹುಡುಕಿ ಫೋಟೊ ಜೊತೆ ಇಡಿ. ಪತ್ರದ ಮೊದಲ ಸಾಲೇ ಬಾಲ್ಕನಿ ಆಗಲಿ, ಎರಡನೇ ಸಾಲು ಒಪ್ಪಿಗೆಯ ವಿಷಯ. ಚಾರ್ಜ್ ಬಿದ್ದ ತಾರೀಖಿನಿಂದ ಕಾರ್ಡ್ ನೆಟ್‌ವರ್ಕಿನ (ವೀಸಾ, ಮಾಸ್ಟರ್‌ಕಾರ್ಡ್) ಗಡುವು ತಕರಾರಿನ ಬಗೆ ನೋಡಿ 90 ಅಥವಾ 120 ದಿನ, ನಿಮ್ಮ ಬ್ಯಾಂಕಿನದು ಅದಕ್ಕಿಂತ ಕಡಿಮೆ ಇರಬಹುದು. ನಾಳೆ ಬೆಳಿಗ್ಗೆಯೇ ಕಳಿಸಿ, ಸ್ವೀಕೃತಿ ನಂಬರ್ ತೆಗೆದುಕೊಳ್ಳಿ. ಕಳಿಸುವ ಮೊದಲು ಹೆಸರು, ನಂಬರ್ ಅಳಿಸಿ ಕರಡು ಇಲ್ಲಿ ಹಾಕಿ, ಓದಿ ಹೇಳುತ್ತೇನೆ.